ನಲವತ್ಮೂರನೇ ಸಾಲು, ಏಳನೇ ಚೀಲ

ದಾವಣಗೆರೆ ಎಪಿಎಂಸಿಯ ವೇಬ್ರಿಡ್ಜ್ ಕೋಣೆ.
ಮೆಕ್ಕೆಜೋಳದ ಧೂಳು ಕೀಬೋರ್ಡಿನ ಸಂದಿಗೂ ಇಳಿದಿತ್ತು.
ಊದಿದೆ, ಕೆಮ್ಮಿದೆ, ಕೂತೆ.
ಖಾಲಿ ಲಾರಿಗಳ ತೂಕದ ಪಟ್ಟಿ, ಎರಡು ಫೈಲು:
ಸೋಮವಾರದ್ದೊಂದು, ಶನಿವಾರದ್ದೊಂದು.
ನಾಲ್ಕು ಸಾವಿರದ ತೊಂಬತ್ತಾರು ಬೈಟು ಅದೂ, ಇದೂ.
ಎರಡೂ ಒಂದೇನಾ ಎಂದು ಪೈಥಾನನ್ನು ಕೇಳಿದೆ.
ಅಲ್ಲ, ಅಂತು.
ಎಲ್ಲಿ ಅಲ್ಲ, ಎಷ್ಟು ಅಲ್ಲ
ಕೇಳಿರಲಿಲ್ಲ, ಹೇಳಲಿಲ್ಲ.
ಕೆಲವು ಗುಮಾಸ್ತರು ಹಾಗೇ ಇರುತ್ತಾರೆ.

ಅಕ್ಷರವೆಂದು ತೆರೆದರೆ ಬರೀ ಕಸ:
ಚೌಕ, ಚುಕ್ಕಿ, ಕರಿ ವಜ್ರದೊಳಗೊಂದು ಪ್ರಶ್ನೆ,
ನಡುವೆ ಎಲ್ಲೋ ಒಂದು ಲಾರಿಯ ನಂಬರು,
ಹೊಟ್ಟಿನಲ್ಲಿ ಉಳಿದ ಕಾಳು.
ಬೆನ್ನ ಹಿಂದೆ ಹಮಾಲಿ ದುಗ್ಗಪ್ಪ:
‘ಇದ್ಯಾವ ಭಾಷಿ ತಂಗೀ, ಮೈಮ್ಯಾಲೆ ಬಂದೋರು ಆಡಿದಂಗೈತಲ್ಲ.’
ಭಾಷೆ ಅಲ್ಲ ದುಗ್ಗಣ್ಣ, ತೂಕ.
ಓದೋದಲ್ಲ, ಎಣಿಸೋದು.

ಹದಿನಾರರಂತೆ ಸಾಲು ಹಚ್ಚಿದೆ.
ಜೋಡಿ ಜೋಡಿ ಅಂಕಿ; ಒಂಬತ್ತು ಮುಗಿದರೆ ಎ, ಬಿ, ಸಿ.
‘ಓಹೋ, ನಿಟ್ಟು! ಸಾಲಿಗೆ ಹದಿನಾರು ಚೀಲ!’
ಮೂವತ್ತು ವರ್ಷ ಬೆನ್ನಿನಿಂದ ಓದಿದ್ದನ್ನು
ಅವತ್ತು ಕಣ್ಣಿನಿಂದ ಓದಿದ.

ಸೋಮವಾರದ ನಿಟ್ಟಿನ ಮೇಲೆ ಶನಿವಾರದ ನಿಟ್ಟು ಇಟ್ಟು
ಬೈಟಿಗೆ ಬೈಟು ಎಕ್ಸಾರ್ ಮಾಡಿದೆ:
ಒಂದೇ ಇದ್ದರೆ ಸೊನ್ನೆ, ಬೇರೆಯಾದರೆ ಒಂದು.
ಸೊನ್ನೆ, ಸೊನ್ನೆ, ಸೊನ್ನೆ,
ಪರದೆ ತುಂಬ ಅಮಾವಾಸ್ಯೆಯ ದಿನ ಮುಚ್ಚಿದ ಮಂಡಿಗಳು.
ನಲವತ್ಮೂರನೇ ಸಾಲು, ಏಳನೇ ಚೀಲ,
ಅಲ್ಲೊಂದು ಶಟರ್ ಅರ್ಧ ಎದ್ದಿತ್ತು:
೦೦೧೦೧೦೦೦.
ಮೂವತ್ತೆರಡರ ಮನೆಯಲ್ಲೊಂದು, ಎಂಟರ ಮನೆಯಲ್ಲೊಂದು.
ನಲವತ್ತು.

ಎಂಟು ಸಾವಿರ ಇದ್ದ ಲಾರಿ
ಎಂಟು ಸಾವಿರದ ನಲವತ್ತಾಗಿದೆ.
ಲಾರಿ ದಪ್ಪಗಾದಷ್ಟು ಜೋಳ ಸೊರಗುತ್ತದೆ,
ಲೋಡಿಗೆ ನಲವತ್ತು ಕಿಲೋ.
ದುಗ್ಗಪ್ಪ ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿ
ಅದರಡಿ ಎರಡು ಬೆರಳು ಒತ್ತಿದ:
‘ಹಿಂಗೇ. ದನದ ಸಂತ್ಯಾಗೆ. ನೋಡೋರಿಗೆ ಬರೇ ಬಟ್ಟೆ.’
ಯಾರ ಬೆರಳು?
ನನ್ನ ಮನಸ್ಸು ಆಗಲೇ ಬರೆದುಕೊಂಡಿತ್ತು:
ಕಾಟಾ ಗುಮಾಸ್ತ ಮುರಿಗೆಪ್ಪ, ಅವನ ಹೊಸ ಮೊಬೈಲು.

ನಾಲ್ಕು ಗಂಟೆಗೆ ಅದೇ ಲಾರಿ, ಖಾಲಿ, ಹಲಗೆ ಹತ್ತಿತು.
ಎಂಟು ಸಾವಿರದ ನಲವತ್ತು.
ಕೆಂಪಂಕಿ ಅಲುಗಲಿಲ್ಲ; ಮುರಿಗೆಪ್ಪನೂ.
ಡ್ರೈವರ್ ಇಳಿದು ಬೀಡಿ ಹಚ್ಚಿದ್ದ.
ದುಗ್ಗಪ್ಪ ಗಾಲಿಗೆ ಒದ್ದ, ಸ್ಟೆಪ್ನಿ ತಟ್ಟಿದ,
ಕ್ಯಾಬಿನ್ನಿಗೆ ಇಣುಕಿ ಸುಮ್ಮನಾದ.
ಸೀಟಿನ ಹಿಂದೆ, ಮಡಿಸಿದ ತಾಡಪತ್ರಿಯ ಮೇಲೆ
ಕ್ಲೀನರ್ ಹುಡುಗ.
ಬಾಯಿ ತೆರೆದು ನಿದ್ದೆ.
ಎಬ್ಬಿಸಿ ಇಳಿಸಿದರು.
ಎಂಟು ಸಾವಿರ.

ಲಾರಿ ತುಂಬಿದ್ದಾಗ ಅವನು ಕೆಳಗಿರುತ್ತಾನೆ, ಹಗ್ಗ ಬಿಚ್ಚಬೇಕು.
ಖಾಲಿಯಾದ ಮೇಲೆಯೇ ನಿದ್ದೆ.
ಹೆಸರು ಮೌಲಾಲಿ. ಹನ್ನೆರಡು, ಅಂದ.
ಹದಿನೆಂಟು, ಅಂದ ಡ್ರೈವರ್, ಯಾರೂ ಕೇಳದೆ.
ನಾನು ಮುರಿಗೆಪ್ಪನಿಗೊಂದು ಚಹಾ ತರಿಸಿದೆ.
ಯಾಕೆಂದು ಅವನು ಕೇಳಲಿಲ್ಲ, ಪುಣ್ಯ.

ಶನಿವಾರದ ಬೈಟನ್ನು ತಿದ್ದಿ ಮತ್ತೆ ಕೇಳಿದೆ:
ಎರಡೂ ಒಂದೇನಾ?
ಹೌದು, ಅಂತು.
ಹುಡುಗ ಕಿಟಕಿಯ ಸರಳು ಹಿಡಿದು ನಿಂತಿದ್ದ,
ಕೆನ್ನೆಯ ಮೇಲೆ ಇನ್ನೂ ತಾಡಪತ್ರಿಯ ಗೆರೆ.
‘ಅಕ್ಕಾ, ಅದ್ರಾಗೆ ನಾನೆಲ್ಲಿದ್ದೆ?’
ಪರದೆ ಅವನ ಕಡೆ ತಿರುಗಿಸಿದೆ.
ಬೆರಳಿಟ್ಟು ಸಾಲು ಎಣಿಸತೊಡಗಿದ,
ಸೊನ್ನೆಯ ಮೇಲೆ ಸೊನ್ನೆ,
ಇಪ್ಪತ್ತರ ತನಕ ಬರುತ್ತಿತ್ತು ಅವನಿಗೆ ಲೆಕ್ಕ.
ಹೊರಗೆ ಹಾರ್ನು.
ಓಡಿದ.